ಗೆಜ್ಜೆ ಆಮೇಲೆ, ಮೊದಲು ಹಗ್ಗ

1/10

ಈ ಫೋಟೊ ನಿಮ್ಮಲ್ಲಿ ಕೆಲವರು ಮೊದಲೇ ನೋಡೀರಿ. ಮೂರು ವರ್ಷದ ಹಿಂದೆ ಇದೇ ಪೇಜಿಗೆ ಹಾಕಿದ್ದೆ, ಎರಡೇ ದಿನಕ್ಕೆ ತೆಗೆದೂ ಬಿಟ್ಟಿದ್ದೆ. ಇವತ್ತು ಮತ್ತ ಹಾಕ್ಲತ್ತೀನಿ. ಫೋಟೊದಾಗ ಇರೋ ಹುಡುಗನನ್ನ ಕೇಳೇ ಹಾಕೀನಿ. ಮುಖ ಮಾತ್ರ ಮಸುಕು ಮಾಡು ಅಂದ, ಮಾಡೀನಿ.

ಅವನು ನನ್ನ ಅಕ್ಕನ ಮಗ. ಆಗ ಅವನಿಗೆ 13 ವರ್ಷ. ಪಕ್ಕದಲ್ಲಿ ನಿಂತಿರೋದು ಅಕ್ಕನ ಮನೆಯ ನಾಲ್ಕು ಹಲ್ಲಿನ ದೇವಣಿ ಹೋರಿ. ಮೈ ಬಿಳಿ, ಮುಖ ಕಪ್ಪು. ಕೊಂಬಿಗೆ ಹೊಸ ಬಣ್ಣ, ತುದಿಗೆ ಹಿತ್ತಾಳೆ ಕೊಂಬಣಸು, ಅದಕ್ಕೆ ಕಟ್ಟಿದ ಬಲೂನು, ಬೆನ್ನ ಮೇಲೆ ಕೆಂಪು ಮಖಮಲ್ಲಿನ ಝೂಲ, ಕೊರಳಲ್ಲಿ ಎರಡು ಸಾಲಿನ ಗೆಜ್ಜೆ. ಹುಡುಗ ಎದಿ ಉಬ್ಬಿಸಿ ನಿಂತಾನ. ಸಾವಿರದ ಮೇಲೆ ಲೈಕ್ ಬಂದಿದ್ದವು.

ಈಗ ಎರಡು ಬೆರಳಿಟ್ಟು ಫೋಟೊ ದೊಡ್ಡದು ಮಾಡಿ, ಅವನ ಬಲಗೈ ನೋಡ್ರಿ. ಹಳದಿ ನೈಲಾನ್ ಹಗ್ಗ. ಅಂಗೈಗೆ ಎರಡು ಸುತ್ತು ಸುತ್ತಿಕೊಂಡಾನ. ಆ ಹಗ್ಗ ಕೊಂಡವನು ನಾನು. ಝೂಲದ ಅಂಚಿನ ಜರಿಗೆ ಹೊಂದ್ತದ ಅಂತ ಹಳದಿಯೇ ಆರಿಸಿದ್ದೆ. "ಬಿಗಿಯಾಗಿ ಹಿಡಿ, ಫೋಟೊದಾಗ ಛಲೋ ಕಾಣ್ತದ" ಅಂದವನೂ ನಾನೇ.

ಫೋಟೊ ತೆಗೆದು ಐದು ನಿಮಿಷ ಆಗಿರಲಿಲ್ಲ, ಬಲೂನೊಂದು ಒಡೀತು.

2/10

ಹೋರಿ ಯಾರಿಗೂ ಹಾಯಲಿಲ್ಲ, ಯಾರನ್ನೂ ತುಳಿಯಲಿಲ್ಲ. ಬರೀ ಓಡಿತು. ಕಿವಿ ಪಕ್ಕದಲ್ಲೇ ಢಂ ಅಂದರೆ ನೀವಾದರೂ ಓಡ್ತೀರಿ.

ಎಲ್ಲರೂ "ಹಗ್ಗ ಬಿಡೋ, ಹಗ್ಗ ಬಿಡೋ" ಅಂತ ಒದರಿದರು. ಬಿಡಲಿಕ್ಕೆ ಅವನು ಹಗ್ಗ ಹಿಡಿದಿದ್ದರೆ ತಾನೇ? ಹಗ್ಗವೇ ಅವನನ್ನ ಹಿಡಿದಿತ್ತು. ನಾಲ್ಕೈದು ಮಾರು ದೂರ ಎಳಕೊಂಡು ಹೋಯ್ತು. ಕೊನೆಗೆ ಸುತ್ತು ಬಿಚ್ಚಿತು, ಅಂಗೈ ಚರ್ಮದ ಸಮೇತ ಬಿಚ್ಚಿತು. ಕಿರುಬೆರಳಿನ ಕೀಲು ಮುರಿದಿತ್ತು. ಇವತ್ತಿಗೂ ಅದು ಪೂರ್ತಿ ಮಡಚೋದಿಲ್ಲ. ಪೆನ್ನು ಹಿಡೀತಾನ, ಕ್ರಿಕೆಟ್ ಬ್ಯಾಟು ಹಿಡಿಯೋದು ಕಷ್ಟ ಆಗ್ಯದ.

ಹೋರಿಗೂ ಪೆಟ್ಟಾಗಿತ್ತು. ಅದರ ಮೂಗದಾಣಿ ತೆಳ್ಳನೆಯ ಪ್ಲಾಸ್ಟಿಕ್ ದಾರದ್ದು. ಜಗ್ಗಾಟದಲ್ಲಿ ಮೂಗಿನ ನಡುವಿನ ಪರದೆ ಕೊರೆದು ರಕ್ತ ಸುರೀತಿತ್ತು. ಆ ರಕ್ತ ನೋಡಿದವರು ಕಡಿಮೆ. "ಹೋರಿ ಪುಂಡ ಅದ" ಅಂತ ಊರೆಲ್ಲ ಮಾತಾಯ್ತು. ಮುಂದಿನ ವಾರ ಅದನ್ನ ಸಂತೆಗೆ ಹೊಡೆದರು. ಕರು ಇದ್ದಾಗಿನಿಂದ ಮನೆಯಲ್ಲಿ ಬೆಳೆದ ಪ್ರಾಣಿ.

ಮೂರು ವರ್ಷ ನನಗೆ ಈ ವಿಷಯ ಬರೆಯೋ ಧೈರ್ಯ ಇರಲಿಲ್ಲ. ಈಗ ಬರೀಲತ್ತೀನಿ, ಯಾಕಂದ್ರ ಕಾರಹುಣ್ಣಿಮೆ ಹತ್ತಿರ ಬಂತು. ಜೇವರ್ಗಿ ಕಾಲೋನಿಯ ನಮ್ಮ ಮನೆಯಿಂದ ಗಂಜ್ ಕಡೆ ಹೋದರೆ ಅಂಗಡಿ ಮುಂದೆ ಗೊಂಡೆ, ಗೆಜ್ಜೆ, ಬಣ್ಣದ ಹಗ್ಗ ತೂಗಾಡ್ಲಿಕ್ಕೆ ಶುರು ಆಗ್ಯಾವ. ನೀವೂ ಮಕ್ಕಳ ಕೈ ಹಿಡಕೊಂಡು ಅಲ್ಲಿಗೆ ಹೋಗ್ತೀರಿ. ನನ್ನ ಮಾತು ಒಂದೇ: ಸಾಮಾನು ಕೊಳ್ಳೋ ಕ್ರಮವನ್ನ ನಾವು ಉಲ್ಟಾ ಮಾಡೀವಿ. ಕಣ್ಣಿಗೆ ಕಾಣೋದನ್ನ ಮೊದಲು ಕೊಳ್ತೀವಿ, ಕೈಗೆ ಹತ್ತೋದನ್ನ ಉಳಿದ ಚಿಲ್ಲರೆಯಲ್ಲಿ ಕೊಳ್ತೀವಿ. ಆ ವರ್ಷ ನಾನು ಗೆಜ್ಜೆ ಸರಕ್ಕೆ 1,800 ರೂಪಾಯಿ ಕೊಟ್ಟಿದ್ದೆ. ಹಗ್ಗಕ್ಕೆ 60.

3/10

ಮೊದಲನೇ ಸಾಮಾನು ಅಂಗಡಿಯಲ್ಲಿ ಸಿಗೋದಿಲ್ಲ. ಅದು ಪ್ರಾಣಿಯೇ.

ಜಾತ್ರೆಯ ಜಾನುವಾರು ಪ್ರದರ್ಶನ ನೋಡಿದವರಿಗೆ ಗೊತ್ತು, ಅಲ್ಲಿ ಬಹುಮಾನ ಕೊಡೋದು ಹಲ್ಲಿನ ಲೆಕ್ಕದಲ್ಲಿ. ಹಾಲು ಹಲ್ಲು, ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು, ಬಾಯಿಗೂಡಿದ್ದು. ಪ್ರಾಣಿಯ ವಯಸ್ಸು ಇಷ್ಟು ನಿಗಾ ಇಟ್ಟು ನೋಡ್ತಾರೆ. ಅದನ್ನ ಹಿಡಿದು ನಿಂತವರ ವಯಸ್ಸು ಯಾರೂ ಕೇಳೋದಿಲ್ಲ.

ಪೂರ್ತಿ ಬೆಳೆದ ದೇವಣಿ ಹೋರಿ ಐದು ಕ್ವಿಂಟಲ್ ತೂಗ್ತದ. 13 ವರ್ಷದ ಹುಡುಗ 40 ಕಿಲೊ. ಹನ್ನೆರಡು ಪಟ್ಟು ಹೆಚ್ಚು ತೂಕದ ಪ್ರಾಣಿಯನ್ನ ಯಾವ ಹಗ್ಗದಿಂದಲೂ ಹಿಡಿದು ನಿಲ್ಲಿಸಲಿಕ್ಕೆ ಆಗೋದಿಲ್ಲ. ಅದು ನಿಲ್ಲೋದು ನಿಲ್ಲಬೇಕು ಅಂತ ಕಲಿತಿದ್ದಕ್ಕೆ. ದೇವಣಿ ನಮ್ಮ ಭಾಗದ ತಳಿ. ಲಾತೂರ್ ಜಿಲ್ಲೆಯ ದೇವಣಿ ಊರಿನ ಹೆಸರು ಅದಕ್ಕೆ. ಬೀದರ್, ಕಲಬುರಗಿ ಸೀಮೆಯ ತನಕ ಹಬ್ಬ್ಯದ. ಹಾಲಿಗೂ ಸೈ, ಒಕ್ಕಲುತನಕ್ಕೂ ಸೈ, ಸ್ವಭಾವ ಸಾಧು. ವಿಜಯಪುರ ಕಡೆಯ ಖಿಲಾರಿ ಹಂಗಲ್ಲ, ಅದು ಬಿರುಸು, ಚುರುಕು. ಸಾಧು ದೇವಣಿಯೇ ಹೀಗೆ ಮಾಡಿದ ಮೇಲೆ ಖಿಲಾರಿ ಹೋರಿಯನ್ನ ಮಗುವಿನ ಕೈಗೆ ಕೊಡೋದು ಎಂಥಾ ಲೆಕ್ಕ, ನೀವೇ ಹೇಳ್ರಿ.

ಹತ್ತು ವರ್ಷದ ಮಗುವಿಗೆ ಸರಿಯಾದ ಪ್ರಾಣಿ ಕರು. ಪಶುಪಾಲನಾ ಇಲಾಖೆಯವರು ಹಳ್ಳಿಗಳಲ್ಲಿ ಕರುಗಳ ಪ್ರದರ್ಶನ ಮಾಡ್ತಾರಲ್ಲ, ಮಕ್ಕಳು ಶುರು ಮಾಡಬೇಕಾದ್ದು ಅಲ್ಲಿಂದ. ಕರುವಿನ ಜತೆ ಮಗು ಬೆಳೀಬೇಕು. ಕರು ಎರಡು ಹಲ್ಲು ಹಚ್ಚೋ ಹೊತ್ತಿಗೆ ಇಬ್ಬರಿಗೂ ಒಬ್ಬರ ನಡಿಗೆ ಒಬ್ಬರಿಗೆ ತಿಳಿದಿರ್ತದ. ದೊಡ್ಡ ಹೋರಿ ಹಿಡೀಲೇಬೇಕು ಅಂತ ಮಗು ಹಟ ಮಾಡಿದರೆ, ಹೋರಿಯ ಇನ್ನೊಂದು ಬದಿಗೆ ಎರಡನೇ ಹಗ್ಗ ಹಿಡಿದ ದೊಡ್ಡವರೊಬ್ಬರು ಇರಬೇಕು. ಫೋಟೊದಲ್ಲಿ ಅವರು ಕಾಣ್ತಾರೆ ಅಂತ ಪಕ್ಕಕ್ಕೆ ಸರಿಸಬ್ಯಾಡ್ರಿ. ನಾನು ಸರಿಸಿದ್ದೆ.

4/10

ಈಗ ಹಗ್ಗ.

ನೈಲಾನ್ ಹಗ್ಗ ಅಗ್ಗ, ಗಟ್ಟಿ, ಮಳೆಗೆ ಕೊಳೆಯೋದಿಲ್ಲ. ಹೊರೆ ಕಟ್ಟಲಿಕ್ಕೆ, ಗಾಡಿಗೆ ಬಿಗಿಯಲಿಕ್ಕೆ ಅದಕ್ಕಿಂತ ಒಳ್ಳೇದಿಲ್ಲ. ಆದರೆ ಕೈಯಲ್ಲಿ ಜಾರುವಾಗ ಅದು ಸುಡ್ತದ. ಸುಡೋದು ಅಂದ್ರ ಮಾತಿಗೆ ಹೇಳಿದ್ದಲ್ಲ, ಉಜ್ಜಿದ ಶಾಖಕ್ಕೆ ಚರ್ಮ ನಿಜವಾಗಿ ಬೆಂದು ಕಿತ್ತು ಬರ್ತದ. ತೆಳ್ಳಗಿದ್ದಷ್ಟೂ ಆಳಕ್ಕೆ ಕೊರೀತದ.

ಮಗುವಿನ ಕೈಗೆ ನೂಲಿನ ಹಗ್ಗ ಕೊಡ್ರಿ. ದಪ್ಪ ಎಷ್ಟು? ಆ ಮಗುವಿನ ಹೆಬ್ಬೆರಳಷ್ಟು. ಅದಕ್ಕಿಂತ ಸಣ್ಣದು ಕೊರೀತದ, ದಪ್ಪದ್ದು ಮುಷ್ಟಿಯಲ್ಲಿ ಕೂಡೋದಿಲ್ಲ. ಉದ್ದ ಎಷ್ಟು? ಆ ಮಗುವಿನ ಎರಡು ಮಾರು. ಉದ್ದ ಹೆಚ್ಚಾದರೆ ಉಳಿದದ್ದು ಕಾಲಿಗೆ ತೊಡರ್ತದ, ಇಲ್ಲಾ ಕೈಗೆ ಸುತ್ತಿಕೊಳ್ಳೋ ಆಸೆ ಬರ್ತದ. ನಮ್ಮ ಹಿರಿಯರು ಹೊಲದ ಬದುವಿಗೆ ಪುಂಡಿ ಹಾಕಿ, ಅದರ ನಾರು ತೆಗೆದು ಹಗ್ಗ ಹೊಸೀತಿದ್ರು. ಪುಂಡಿ ನಾರಿನ ಹಗ್ಗ ಕೈಗೆ ಹಿಡಿತ ಕೊಡ್ತದ, ಒರಟಾಗಿದ್ದರೂ ಜಾರೋದಿಲ್ಲ. ಪ್ರಾಣಿಯ ಮುಖಕ್ಕೆ ಮಾತ್ರ ಅದು ಬ್ಯಾಡ, ಚುಚ್ಚಿ ಹುಣ್ಣಾಗ್ತದ.

ನೂಲಿನ ಹಗ್ಗಕ್ಕೂ ದೋಷ ಅದ. ನೀರಿಗೆ ಉಬ್ಬಿ ಗಂಟು ಬಿಗಿ ಆಗ್ತದ, ವರ್ಷ ಎರಡು ವರ್ಷಕ್ಕೆ ಸವೀತದ. ಪ್ರತಿ ಸಲ ಕಟ್ಟೋ ಮುಂಚೆ ಉದ್ದಕ್ಕೂ ಕೈಯಾಡಿಸಿ ನೋಡಬೇಕು, ಎಳೆ ಕಿತ್ತಿದ್ದರೆ ಬದಲಿಸಬೇಕು.

ಕೊಳ್ಳುವಾಗ ಒಂದು ಪರೀಕ್ಷೆ ಮಾಡ್ರಿ. ಹಗ್ಗವನ್ನ ನಿಮ್ಮ ಅಂಗೈಯಲ್ಲಿ ಸಡಿಲಾಗಿ ಹಿಡಿದು, ಇನ್ನೊಂದು ತುದಿ ಜಗ್ಗು ಅಂತ ಜತೆಗಿದ್ದವರಿಗೆ ಹೇಳ್ರಿ. ನಿಮಗೆ ಉರಿ ಆದರೆ ಆ ಹಗ್ಗ ಅಲ್ಲೇ ಇಡ್ರಿ. ಅಂಗಡಿಯವರು ನಗ್ತಾರೆ, ನಗಲಿ.

5/10

ಹಗ್ಗಕ್ಕಿಂತ ಮುಖ್ಯ ಅದನ್ನ ಹಿಡಿಯೋ ರೀತಿ. ಮಕ್ಕಳಿಗೆ ಇದನ್ನ ಪಾಠದ ಹಂಗ ಹೇಳಿಕೊಡ್ರಿ.

ಕೈಗೆ ಸುತ್ತಬಾರದು. ಮಣಿಕಟ್ಟಿಗೆ ಕುಣಿಕೆ ಹಾಕಬಾರದು. ಸೊಂಟಕ್ಕೆ ಕಟ್ಟಬಾರದು. ಉಳಿದ ಹಗ್ಗವನ್ನ ಸುರುಳಿ ಮಾಡಬಾರದು, ಸುರುಳಿ ಒಂದೇ ಜಗ್ಗಿಗೆ ಕುಣಿಕೆ ಆಗ್ತದ. ಸೀರೆ ಮಡಿಸಿದ ಹಂಗ ಹಿಂದಕ್ಕೆ ಮುಂದಕ್ಕೆ ಮಡಿಕೆ ಮಾಡಿ ಅಂಗೈಯಲ್ಲಿ ಇಟ್ಟುಕೊಳ್ಳಬೇಕು. ಮುಷ್ಟಿ ಬಿಟ್ಟರೆ ಎಲ್ಲಾ ಮಡಿಕೆ ಒಂದೊಂದಾಗಿ ಬಿಚ್ಚಿ ಹೋಗಬೇಕು.

ಕಟ್ಟೋದಾದರೆ ತುದಿ ಜಗ್ಗಿದರೆ ಬಿಚ್ಚೋ ಗಂಟೇ ಹಾಕಬೇಕು. ಗೂಟದಲ್ಲಿ ಸಿಕ್ಕಿ ಪ್ರಾಣಿ ಬಿದ್ದಾಗ ಕುಡುಗೋಲು ಹುಡುಕೋ ಹೊತ್ತಿರೋದಿಲ್ಲ.

ಮತ್ತ, ಬಿಡೋದನ್ನ ಕಲಿಸ್ರಿ. ನಾವು ಮಕ್ಕಳಿಗೆ "ಏನಾದ್ರೂ ಆಗಲಿ, ಹಗ್ಗ ಬಿಡಬ್ಯಾಡ" ಅಂತ ಹೇಳಿ ಕಳಿಸ್ತೀವಿ. ಹೋರಿ ತಪ್ಪಿಸಿಕೊಂಡರೆ ಮರ್ಯಾದಿ ಹೋಗ್ತದ ಅಂತ. ಓಡಿದ ಹೋರಿ ಹತ್ತು ನಿಮಿಷಕ್ಕೆ ಸಿಗ್ತದ. ಮನೆಯಲ್ಲಿ, ಸಮಾಧಾನದ ದಿನ, "ಬಿಡು" ಅಂದ ತಕ್ಷಣ ಮುಷ್ಟಿ ತೆಗೆಯೋ ಅಭ್ಯಾಸ ಹತ್ತು ಸಲ ಮಾಡಿಸ್ರಿ. ನನ್ನ ಅಳಿಯ ಆಸ್ಪತ್ರೆಯಲ್ಲಿ ಮೊದಲು ಕೇಳಿದ್ದು ಕೈ ಬಗ್ಗೆ ಅಲ್ಲ. "ಮಾಮಾ, ನಾ ಹಗ್ಗ ಬಿಟ್ಟೆ, ಅಪ್ಪ ಸಿಟ್ಟಾಗ್ಯಾನ?" ಅಂದಿದ್ದ.

6/10

ಮುಖಕ್ಕೆ ಏನು ಹಾಕಬೇಕು? ಇಲ್ಲಿ ನಾನು ಹೇಳೋದು ಕೆಲವು ಹಿರಿಯರಿಗೆ ಸರಿ ಬರ್ಲಿಕ್ಕಿಲ್ಲ.

ಮೂಗದಾಣಿ ಬ್ರೇಕ್ ಇದ್ದಂಗ. ಸ್ಟೇರಿಂಗ್ ಅಲ್ಲ. ಮೂಗಿನ ನಡುವಿನ ಪರದೆ ಪ್ರಾಣಿಯ ಮೈಯಲ್ಲೇ ಬಹಳ ಸೂಕ್ಷ್ಮವಾದ ಜಾಗ. ಅನುಭವಸ್ಥರ ಕೈ ಅದನ್ನ ಮುಟ್ಟಿದಷ್ಟೇ ಮುಟ್ಟಿ ಬಿಡ್ತದ. ಹೆದರಿದ ಮಗುವಿನ ಕೈ ಅದಕ್ಕೇ ಜೋತು ಬೀಳ್ತದ. ನೋವಾದ ಪ್ರಾಣಿ ತಲೆ ಕೊಡವ್ತದ, ಮಗು ಇನ್ನಷ್ಟು ಜಗ್ಗತದ. ನಮ್ಮ ಹೋರಿಯ ಮೂಗು ಹರಿದದ್ದು ಹಿಂಗೇ.

ಮಗು ನಡೆಸೋ ಪ್ರಾಣಿಗೆ ಮಗಡ ಬೇಕು. ಪಶುವೈದ್ಯರು ಹಾಲ್ಟರ್ ಅಂತಾರಲ್ಲ, ಅದೇ. ಕಿವಿ ಹಿಂದೆ ಒಂದು ಸುತ್ತು, ಮೂಗಿನ ಮೇಲೆ ಒಂದು ಪಟ್ಟಿ, ಗದ್ದದ ಕೆಳಗಿಂದ ಹಿಡಿಯೋ ಹಗ್ಗ. ಜಗ್ಗಿದರೆ ಗದ್ದದ ಕೆಳಗೆ ಬಿಗಿ ಆಗ್ತದ, ಬಿಟ್ಟರೆ ಸಡಿಲ ಆಗ್ತದ. ಪ್ರಾಣಿ ಕಲಿಯೋದು ಆ ಸಡಿಲಿನಿಂದ. ಒಂದು ಹೆಜ್ಜೆ ಹಾಕಿತು, ಹಗ್ಗ ಸಡಿಲ ಆಯ್ತು, ಅದಕ್ಕೆ ತಿಳೀತು. ಆದ್ದರಿಂದ ಜಗ್ಗಿದ ಮೇಲೆ ಸಡಿಲ ಆಗದೇ ಇರೋ ಗಂಟು ಇರೋ ಮಗಡ ಕೊಳ್ಳಬ್ಯಾಡ್ರಿ.

ಹಾಕುವಾಗ ನೋಡಬೇಕಾದ್ದು ಎರಡು. ಮೂಗಿನ ಪಟ್ಟಿ ಕಣ್ಣಿಗೂ ಹೊಳ್ಳೆಗೂ ಸುಮಾರು ನಡುವೆ, ಗಟ್ಟಿ ಎಲುಬಿನ ಮೇಲೆ ಕೂಡಬೇಕು. ಕೆಳಗೆ ಮೆತ್ತನೆ ಜಾಗಕ್ಕೆ ಇಳಿದರೆ ಉಸಿರು ಕಟ್ತದ, ಮೇಲೆ ಏರಿದರೆ ಕಣ್ಣಿಗೆ ಉಜ್ಜತದ. ಎರಡನೇದು, ಪಟ್ಟಿಯ ಕೆಳಗೆ ನಿಮ್ಮ ಎರಡು ಬೆರಳು ಆಡಬೇಕು. ಕರು ತಿಂಗಳು ತಿಂಗಳು ಬೆಳೀತದ, ಹೋದ ಹಬ್ಬದ ಮಗಡ ಈ ಹಬ್ಬಕ್ಕೆ ಆಗೋದಿಲ್ಲ. ಮುಖದಲ್ಲಿ ಹುಗಿದು ಹೋದ ಮಗಡದ ಗಾಯ ನೋಡೀರೇನು? ನಾ ನೋಡೀನಿ, ಅದನ್ನ ಇಲ್ಲಿ ಬರೆಯೋದಿಲ್ಲ.

ದೊಡ್ಡ ಹೋರಿಗೆ ಮೂಗದಾಣಿ ಇದ್ದೇ ಇರ್ತದ, ಇರಲಿ. ಮೆತ್ತನೆ ನೂಲಿನದು ಇರಲಿ. ಅದರ ಹಗ್ಗ ದೊಡ್ಡವರ ಕೈಯಲ್ಲಿರಲಿ, ಮಗಡದ ಹಗ್ಗ ಮಗುವಿನ ಕೈಯಲ್ಲಿ. ಕರುವಿಗೆ ಮೂಗು ಚುಚ್ಚೋ ಅವಸರ ಬ್ಯಾಡ.

ಈ ಭಾಗದ ಫೋಟೊದಾಗ ಇರೋ ಮಗಡ ನೋಡ್ರಿ. ಚೆಂದೇನಿಲ್ಲ, ಬಿಳಿ ನೂಲಿನದು, ಸ್ವಲ್ಪ ಮಾಸ್ಯದ. ಅದನ್ನ ಹೆಣೆದವರು ಯಾರು ಅಂತ ಕೊನೆಗೆ ಹೇಳ್ತೀನಿ.

7/10

ಕಾಲು ಮತ್ತು ಕೋಲು.

ಹವಾಯಿ ಚಪ್ಪಲಿ ಹಾಕ್ಕೊಂಡು ಎತ್ತು ಹಿಡಿಯೋ ಮಕ್ಕಳನ್ನ ಪ್ರತಿ ಹಬ್ಬದಲ್ಲೂ ನೋಡ್ತೀವಿ. ಗೊರಸು ಕಾಲ ಮೇಲೆ ಬಿದ್ದರೆ ಚಪ್ಪಲಿ ಏನೂ ಮಾಡೋದಿಲ್ಲ, ಓಡುವಾಗ ಅದೇ ಕಾಲಿಗೆ ತೊಡರ್ತದ. ಶಾಲೆಯ ಬೂಟಾದರೂ ಸೈ, ಬೆರಳು ಮುಚ್ಚಬೇಕು, ಹಿಮ್ಮಡಿ ಹಿಡಿದಿರಬೇಕು. ಮೊದಲೇ ಮನೆಯಲ್ಲಿ ಹಾಕಿ ಸವೆಸಿರಬೇಕು. ಹುಡುಗಿಯರ ದುಪ್ಪಟ್ಟಾ, ಹುಡುಗರ ಕೊರಳಲ್ಲಿ ಇಳಿಬಿಟ್ಟ ಶಲ್ಯ ಎರಡೂ ಬ್ಯಾಡ. ಕೊಂಬಿಗೆ ಸಿಕ್ಕರೆ ಅದೂ ಒಂದು ಕುಣಿಕೆ.

ಬಾರುಕೋಲು ಕೈಯಲ್ಲಿ ಇಲ್ಲದೆ ನಮ್ಮಲ್ಲಿ ಫೋಟೊ ಪೂರ್ತಿ ಆಗೋದಿಲ್ಲ. ಗೊಂಡೆ ಕಟ್ಟಿದ ಬಾರುಕೋಲು ನನಗೂ ಇಷ್ಟ. ಆದರೆ ತುದಿಗೆ ಮೊಳೆ ಇದ್ದರೆ ಅಂಗಡಿಯಲ್ಲೇ ಬಿಟ್ಟು ಬರ್ರಿ. ಭಾರ ಎಳೆಯುವ ಮತ್ತು ಹೊರುವ ಪ್ರಾಣಿಗಳ ಬಗ್ಗೆ ಕೇಂದ್ರ ಸರ್ಕಾರದ 1965ರ ನಿಯಮ ಅದ. ಮೊಳೆ, ಮುಳ್ಳು ಇರೋ ಕೋಲು ಬಳಸೋದು ಅದರ ಪ್ರಕಾರ ತಪ್ಪು. ಅರವತ್ತು ವರ್ಷದ ಹಳೇ ನಿಯಮ, ನಮ್ಮ ಅಂಗಡಿಗಳಿಗೆ ಇನ್ನೂ ತಲುಪಿಲ್ಲ.

ಬೇರೆ ದೇಶದ ದನದ ಪ್ರದರ್ಶನಗಳಲ್ಲೂ ಮಕ್ಕಳ ಕೈಯಲ್ಲಿ ಕೋಲು ಇರ್ತದ. ಅವರು ಅದನ್ನ ಹೊಡೆಯಲಿಕ್ಕೆ ಬಳಸೋದಿಲ್ಲ. ಕಾಲು ಸರಿಯಾದ ಜಾಗಕ್ಕೆ ಇಡು ಅಂತ ಗೊರಸಿನ ಹತ್ತಿರ ಮೆಲ್ಲಗೆ ಒತ್ತತಾರ, ನಡುವೆ ಹೊಟ್ಟೆ ಕೆಳಗೆ ತುರಿಸ್ತಾರ. ಪ್ರಾಣಿ ಕಣ್ಣು ಅರ್ಧ ಮುಚ್ಚಿ ನಿಲ್ತದ. ಕೋಲು ಕಂಡರೆ ಪ್ರಾಣಿ ಹಿಂದೆ ಸರಿಬೇಕೋ, ಹತ್ತಿರ ಬರಬೇಕೋ? ಇದನ್ನ ನಿಮ್ಮ ಮನೆಯ ಹುಡುಗರಿಗೆ ಕೇಳಿ ನೋಡ್ರಿ.

8/10

ಈಗ ಗೆಜ್ಜೆ, ಬಣ್ಣ, ಝೂಲ. ಇದೆಲ್ಲ ಬ್ಯಾಡ ಅನ್ನೋ ಮನುಷ್ಯ ನಾನಲ್ಲ. ಹೊನ್ನುಗ್ಗಿ ದಿನ ಎತ್ತಿನ ಮೈ ತೊಳೆದು, ಅದಕ್ಕೆ ಉಣಿಸಿ, ಮರುದಿನ ಸಿಂಗಾರ ಮಾಡಿ ಕರಿ ಹರಿಯೋದು ನೋಡಲಿಕ್ಕೆ ಹೋಗೋದಂದ್ರ ಇವತ್ತಿಗೂ ನನಗೆ ಮೈ ಜುಮ್ ಅಂತದ. ವರ್ಷವಿಡೀ ದುಡಿದ ಪ್ರಾಣಿಗೆ ಒಂದು ದಿನದ ಮರ್ಯಾದಿ ಅದು. ಆದರೆ ಮರ್ಯಾದಿ ಅದಕ್ಕೆ ಹಿತ ಆಗಬೇಕಲ್ಲ.

ಬಲೂನು, ಫರಫರ ಅನ್ನೋ ಬೇಗಡೆ ಕಾಗದ ಬ್ಯಾಡ. ದನದ ಕಣ್ಣು ತಲೆಯ ಎರಡು ಬದಿಗೆ ಇರ್ತಾವ, ಬಾಲದ ಹಿಂದಿನ ಸ್ವಲ್ಪ ಜಾಗ ಬಿಟ್ಟರೆ ಸುತ್ತಲಿನದೆಲ್ಲ ಅದಕ್ಕೆ ಕಾಣ್ತದ. ಕೊಂಬಿನ ಮೇಲೆ ಹಾರಾಡೋದನ್ನ ಅದು ಬಿಟ್ಟು ಹೋಗಲಿಕ್ಕೆ ಆಗೋದಿಲ್ಲ, ಎಷ್ಟು ಓಡಿದರೂ ಅದು ಜತೆಗೇ ಬರ್ತದ.

ಕೊಂಬು ಹೊಳೆಯಲಿ ಅಂತ ಆಳವಾಗಿ ಹೆರೆಯಬ್ಯಾಡ್ರಿ. ಕೊಂಬಿನ ಒಳಗೆ ಎಲುಬು, ರಕ್ತನಾಳ ಅದಾವ, ಅದು ಬರೀ ಉಗುರಲ್ಲ. ಬಣ್ಣ ಹಚ್ಚೋದಾದರೆ ಬುಡದ ಚರ್ಮ, ಕಣ್ಣಿನ ಹತ್ತಿರ ಬಿಟ್ಟು ಹಚ್ಚರಿ. ಹುರಮಂಜು, ಎಣ್ಣೆ ಇದ್ದಾಗ ಎನಾಮಲ್ ಪೇಂಟ್ ಯಾಕ?

ಗೆಜ್ಜೆ ಸರ ಹಬ್ಬದ ದಿನವೇ ಮೊದಲ ಸಲ ಹಾಕಬ್ಯಾಡ್ರಿ. ಹದಿನೈದು ದಿನ ಮೊದಲೇ ದಿನಕ್ಕೆ ಅರ್ಧ ತಾಸು ಹಾಕಿ ನಡೆಸ್ರಿ. ಸರದ ಒಳಬದಿಗೆ ಚರ್ಮದ ಇಲ್ಲಾ ಬಟ್ಟೆಯ ಪಟ್ಟಿ ಇರಲಿ. ಕಿವಿಯ ಹಳದಿ ಬಿಲ್ಲೆಗೆ ಯಾವ ದಾರವೂ ತೊಡರದಂಗ ನೋಡ್ರಿ, ಕಿವಿ ಹರೀತದ.

ಝೂಲ ನೂಲಿನದು ಇರಲಿ. ಬೇಸಿಗೆಯಲ್ಲಿ ನಮ್ಮ ಕಲಬುರಗಿ 40 ಡಿಗ್ರಿ ದಾಟೋದು ಹೊಸ ಸುದ್ದಿ ಅಲ್ಲ. ಪಾಲಿಯೆಸ್ಟರ್ ಮಖಮಲ್ಲು ಹೊದಿಸಿ ಬಿಸಿಲಲ್ಲಿ ಮೂರು ತಾಸು ನಿಲ್ಲಿಸೋದು ಅಂದ್ರ ಏನು ಅಂತ, ಅದೇ ಬಟ್ಟೆಯ ಕೋಟು ಹಾಕ್ಕೊಂಡು ಮಗ್ಗಲು ನಿಂತು ನೋಡ್ರಿ. ಮೇಲೆ ಹೇಳಿದ 1965ರ ನಿಯಮದಲ್ಲೇ, 37 ಡಿಗ್ರಿ ದಾಟಿದ ಕಡೆ ಮಧ್ಯಾಹ್ನ 12ರಿಂದ 3ರ ತನಕ ಎತ್ತನ್ನ ಗಾಡಿಗೆ ಹೂಡಬಾರದು ಅಂತ ಅದ. ಪ್ರದರ್ಶನಕ್ಕೂ ಅದೇ ಲೆಕ್ಕ ಹಿಡಿದರೆ ತಪ್ಪೇನು? ಬಾಯಿ ತೆರೆದು ಏದುಸಿರು ಬಿಡ್ತಾ ಜೊಲ್ಲು ಸುರಿಸಿದರೆ ಝೂಲ ಕಿತ್ತು ನೆರಳಿಗೆ ಒಯ್ಯಬೇಕು. ಬಹುಮಾನದ ಹೆಸರು ಕೂಗ್ಲತ್ತಿದ್ದರೂ.

9/10

ಫೋಟೊದಾಗ ಬಾರದ ಸಾಮಾನು ಇನ್ನೂ ಅದಾವ. ಒಂದು ಬಕೆಟ್, ಒಂದು ಬ್ರಷ್, ಒಂದು ಒರೆಸೋ ಬಟ್ಟೆ. ಮೂರೂ ನಿಮ್ಮವೇ ಇರಬೇಕು. ಜಾತ್ರೆಯಲ್ಲಿ ಪಕ್ಕದವರ ಬಕೆಟ್ಟಿನಲ್ಲಿ ನೀರು ಕುಡಿಸೋದು, ಅವರ ಮಗಡ ಎರವಲು ತರೋದು ನಮ್ಮಲ್ಲಿ ಸಹಜ. ಕಾಲುಬಾಯಿ ರೋಗ ಜೊಲ್ಲಿನಿಂದ, ಬಕೆಟ್ಟಿನಿಂದ, ಹಗ್ಗದಿಂದ ದಾಟ್ತದ. 2022ರಲ್ಲಿ ಚರ್ಮಗಂಟು ರೋಗ ಬಂದಾಗ ಜಾನುವಾರು ಸಂತೆ, ಜಾತ್ರೆ ನಿಲ್ಲಿಸಿದ್ದು ನೆನಪಿರಬೇಕಲ್ಲ? ಆ ವರ್ಷ ಖಾಲಿ ಬಿದ್ದ ಕೊಟ್ಟಿಗೆಗಳನ್ನ ನಾನು ಕಮಲಾಪುರ ಕಡೆ ಹೋಗೋ ದಾರಿಯಲ್ಲಿ ನೋಡೀನಿ. ಕಾಲುಬಾಯಿ ಲಸಿಕೆ ಸರ್ಕಾರ ಆರು ತಿಂಗಳಿಗೊಮ್ಮೆ ಪುಕ್ಕಟೆ ಹಾಕ್ತದ. ಹಾಕಿಸದೆ ಪ್ರದರ್ಶನಕ್ಕೆ ಒಯ್ಯಬ್ಯಾಡ್ರಿ.

ಈಗ ಹಿರಿಯರ ಮಾತಿಗೆ ಬರ್ತೀನಿ. "ನಾವೇನು ಬೂಟು ಹಾಕಿದ್ವೇನು? ಮಗಡ ನೋಡಿದ್ವೇನು? ಬರಿಗಾಲಲ್ಲಿ, ಒಂದೇ ಹಗ್ಗದಲ್ಲಿ ಎತ್ತು ಹಿಡೀತಿದ್ವಿ" ಅಂತಾರೆ. ಖರೇ. ಆದರೆ ಅವರು ಎತ್ತಿನ ಜತೆ ವರ್ಷವಿಡೀ ಇರ್ತಿದ್ರು. ಮುಂಜಾನೆ ತೊಗರಿ ಹೊಟ್ಟು ಹಾಕಿದ ಕೈ, ಹೊಲದಲ್ಲಿ ಕುಂಟೆ ಹಿಡಿದ ಕೈ, ಸಂಜೆ ಕಣಕಿ ಕತ್ತರಿಸಿದ ಕೈ ಒಂದೇ. ಎತ್ತಿಗೆ ಆ ಕೈ ವಾಸನೆಯಿಂದಲೇ ತಿಳೀತಿತ್ತು. ಅವರಿಗೆ ಹಗ್ಗ ನೆಪಕ್ಕಷ್ಟೇ ಬೇಕಿತ್ತು. ಈಗ ಹೊಲಕ್ಕೆ ಟ್ರ್ಯಾಕ್ಟರ್ ಬಂದದ. ಹುಡುಗ ಕಲಬುರಗಿಯಲ್ಲಿ ಓದ್ತಾನ, ಹಬ್ಬದ ಹಿಂದಿನ ದಿನ ಬಸ್ ಹತ್ತಿ ಊರಿಗೆ ಬರ್ತಾನ. ಆ ಹೋರಿಗೆ ಅವನು ಅಪರಿಚಿತ. ಅಜ್ಜನ ಹಗ್ಗ ಮೊಮ್ಮಗನಿಗೆ ಸಾಲೋದಿಲ್ಲ ಅನ್ನೋದು ಇದಕ್ಕೇ.

ಬರೇ ಅಪ್ಪ, ಅಮ್ಮ, ಮಾಮಂದಿರಿಗೆ ಹೇಳಿದರೆ ಸಾಲದು, ಪ್ರದರ್ಶನ ನಡೆಸೋರಿಗೂ ಒಂದು ಮಾತು. ಅಮೆರಿಕದಲ್ಲಿ 4-ಎಚ್ ಅಂತ ಮಕ್ಕಳ ಕ್ಲಬ್‌ಗಳು ಅದಾವ. ಅವರ ದನದ ಪ್ರದರ್ಶನದಲ್ಲಿ ಒಂದು ವಿಭಾಗ ಅದ, ಅದರಲ್ಲಿ ಅಂಕ ಪ್ರಾಣಿಗೆ ಅಲ್ಲ, ಹಿಡಿದ ಮಗುವಿಗೆ. ಹಗ್ಗ ಹೆಂಗ ಹಿಡಿದದ, ಪ್ರಾಣಿ ಸಮಾಧಾನ ಅದನೋ ಇಲ್ಲೋ, ತಿರುವುವಾಗ ಎಲ್ಲಿ ನಿಲ್ತದ, ಅದನ್ನೇ ನೋಡ್ತಾರ. ಬಡವರ ಮನೆಯ ಸಾದಾ ಕರು ಹಿಡಿದ ಮಗುವೂ ಅಲ್ಲಿ ಗೆಲ್ಲಬಹುದು. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದಲ್ಲಿ 2020ರ ಫೆಬ್ರುವರಿಯಲ್ಲಿ ರಾಜ್ಯಮಟ್ಟದ ಪಶುಮೇಳ ನಡೆದಿತ್ತು. ಅಂಥ ಮೇಳದಲ್ಲಿ, ನಮ್ಮ ಹಳ್ಳಿ ಜಾತ್ರೆಯಲ್ಲಿ, ಇಂಥದ್ದೊಂದು ಬಹುಮಾನ ಯಾಕ ಇರಬಾರದು? ಹೆಚ್ಚಿಗೆ ರೊಕ್ಕ ಬ್ಯಾಡ. ಒಂದು ಒಳ್ಳೇ ನೂಲಿನ ಹಗ್ಗ ಕೊಟ್ಟರೂ ಸಾಕು. ಬಹುಮಾನ ಎಲ್ಲಿ ಇಡ್ತೀರೋ ಜನರ ಖರ್ಚು ಅಲ್ಲಿಗೆ ಹೋಗ್ತದ.

ಮತ್ತ ಡಿಜೆ. ದನ ನಿಂತ ಜಾಗಕ್ಕೆ ಅದು ಬ್ಯಾಡ. ಇದಕ್ಕೆ ವಿವರಣೆ ಬೇಕೇನ್ರಿ?

10/10

ಹಂಗಾದರೆ ಈ ಸಲ ಏನು ಕೊಳ್ಳಬೇಕು? ನನ್ನ ಚೀಟಿ ಹೇಳ್ತೀನಿ, ಕ್ರಮ ತಪ್ಪಿಸಬ್ಯಾಡ್ರಿ.

ಮೊದಲು ಮಗುವಿನ ಹೆಬ್ಬೆರಳು ಅಳೆದು ನೂಲಿನ ಹಗ್ಗ. ಆಮೇಲೆ ಪ್ರಾಣಿಯ ಮುಖ ಅಳೆದು ಮಗಡ. ಆಮೇಲೆ ಬೆರಳು ಮುಚ್ಚೋ ಬೂಟು. ಆಮೇಲೆ ಸ್ವಂತ ಬಕೆಟ್, ಬ್ರಷ್. ಇಷ್ಟು ತಂದು ಎರಡು ತಿಂಗಳು ಮಗು ದಿನಾ ಆ ಕರುವನ್ನ ಊರಿನ ರಸ್ತೆಯಲ್ಲಿ ನಡೆಸಲಿ. ಶಾಲೆ ಇದ್ದರೆ ವಾರಕ್ಕೆ ಎರಡು ದಿನ. ರೊಕ್ಕ ಉಳಿದರೆ ಗೊಂಡೆ, ಗೆಜ್ಜೆ, ಝೂಲ. ಉಳಿಯದಿದ್ದರೆ ಅರಿಶಿಣ, ಕುಂಕುಮ, ಒಂದು ಹೂವಿನ ಸರ ಸಾಕು. ಎರಡು ತಿಂಗಳು ನಡೆಸಲಿಕ್ಕೆ ಪುರಸೊತ್ತಿಲ್ಲ ಅಂದರೆ ಈ ವರ್ಷ ಮಗು ದೊಡ್ಡವರ ಪಕ್ಕದಲ್ಲಿ ನಿಂತು ನೋಡಲಿ. ಮುಂದಿನ ವರ್ಷವೂ ಹುಣ್ಣಿಮೆ ಬರ್ತದ.

ಮಗಡ ಹೆಣೆದವರು ಯಾರು ಅಂತ ಹೇಳ್ತೀನಿ ಅಂದಿದ್ದೆ. ಅವನೇ. ನನ್ನ ಅಳಿಯ, ಈಗ 16. ಮಡಚದ ಕಿರುಬೆರಳು ಇಟ್ಟುಕೊಂಡೇ ಹೆಣೆದಾನ. ಮೂರು ವರ್ಷ ಅವನು ದನದ ಹತ್ತಿರ ಹೋಗಿರಲಿಲ್ಲ. ಹೋದ ದೀಪಾವಳಿಗೆ ಮನೆಯ ಆಕಳು ಹೆಣ್ಣುಗರು ಹಾಕಿತು. ಅದನ್ನ ಹಿಡಿದು ನಡೆಸೋದು ಅವನ ತಂಗಿ, 11 ವರ್ಷದವಳು. ಮಗಡ ಅವನು ಹೆಣೆದಿದ್ದು ಅವಳಿಗಾಗಿ. ಮೊನ್ನೆ ಹೋದಾಗ ನೋಡಿದೆ, ಅವಳಿಗೆ ಹಗ್ಗ ಮಡಿಕೆ ಮಾಡೋದು ಕಲಿಸ್ಲತ್ತಿದ್ದ. ನಡು ನಡುವೆ ಏಕಾಏಕಿ "ಬಿಡು!" ಅಂತ ಒದರ್ತಾನ. ಅವಳು ತಟ್ಟನೆ ಮುಷ್ಟಿ ತೆಗೀತಾಳ. ಕರು ಎರಡು ಹೆಜ್ಜೆ ಹೋಗಿ ನಿಂತು, ತಿರುಗಿ ಇಬ್ಬರನ್ನೂ ನೋಡ್ತದ.

ಆ ಫೋಟೊ ತೆಗೆಯಲಿಲ್ಲ. ಎರಡನೇ ಹಗ್ಗ ನನ್ನ ಕೈಯಲ್ಲಿತ್ತು.

ನಿಮ್ಮ ಕಡೆ ಮಗಡಕ್ಕೆ ಏನಂತಾರ, ಮಕ್ಕಳ ಕೈಗೆ ಎಂಥಾ ಹಗ್ಗ ಕೊಡ್ತೀರಿ, ಕೆಳಗೆ ಬರೀರಿ. ನಾನು ಹೇಳಿದ್ದರಲ್ಲಿ ತಪ್ಪಿದ್ದರೆ ಅದನ್ನೂ ಬರೀರಿ. ಹಬ್ಬದ ಸಾಮಾನು ಕೊಳ್ಳಲಿಕ್ಕೆ ಹೊರಟವರಿಗೆ ಈ ಸರಣಿ ಇವತ್ತೇ ಕಳಿಸ್ರಿ, ಹಬ್ಬ ಮುಗಿದ ಮೇಲೆ ಕಳಿಸಿದರೆ ಉಪಯೋಗ ಇಲ್ಲ.

#ಕಲಬುರಗಿ #ಜೇವರ್ಗಿಕಾಲೋನಿ #ಕಮಲಾಪುರ #ಕಾರಹುಣ್ಣಿಮೆ #ದೇವಣಿ #ಮೊದಲುಹಗ್ಗ